ಎದುರು ಶೆಡ್ಡಿನವರ ಕೊಂಡಿ

ಮೊನ್ನೆ ಗಾದಿಗನೂರಿನ ಹತ್ತಿರ ಅದಿರಿನ ಟಿಪ್ಪರೊಂದರ ಹಿಂದೆ ಬೈಕು ನಿಲ್ಲಿಸಿಕೊಂಡಿದ್ದೆ. ಅದರ ಹಿಂಬಾಗಿಲಿಗೆ ಆಗಷ್ಟೇ ಹೊಡೆದ ರೆಡ್ ಆಕ್ಸೈಡ್ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಅಂಚಿನಲ್ಲಿ ನೋಡಿದರೆ ಎದುರು ಶೆಡ್ಡಿನವರದೇ ಕೊಂಡಿ. ಹಳೆಯ ಹೊಟ್ಟೆಕಿಚ್ಚು ಮತ್ತೆ ಹೊತ್ತಿಕೊಂಡಿತು...

ಹೊಸಪೇಟೆಯಲ್ಲಿ ನನ್ನ ವೆಲ್ಡಿಂಗ್ ಶಾಪಿನ ಎದುರಿಗೇ ಅವರ ಶೆಡ್ಡು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅವರು ಡಿಪ್ಲೊಮಾ ಮಾಡಿದವರು. ಟಿಪ್ಪರಿನ ಹಿಂಬಾಗಿಲಿಗೆ ಮೊದಲು ಕೊಂಡಿ ಮಾಡಿದವನು ನಾನು. ಡ್ರೈವರ್ ಇಳಿದು ಬಂದು ಸರಪಳಿ ಎಳೆದರೆ ಬಿಚ್ಚುತ್ತಿತ್ತು. ಸಂಡೂರಿನ ಗಾಡಿಗಳೆಲ್ಲ ನನ್ನ ಬಾಗಿಲಿಗೇ ಬರುತ್ತಿದ್ದವು. ಆಮೇಲೆ ಅವರು, ಅದಿರು ಸುರಿಯಲು ಬಾಡಿ ಮೇಲೆದ್ದರೆ ತಾನೇ ಬಿಚ್ಚಿ, ಇಳಿದರೆ ತಾನೇ ಹಾಕಿಕೊಳ್ಳುವ ಕೊಂಡಿ ಮಾಡಿದರು. ಗಾಡಿಗಳ ಸಾಲು ಎದುರಿಗೆ ತಿರುಗಿತು. ಅದಕ್ಕೆ ಪೇಟೆಂಟ್ ಪಡೆದು, ಕಂಪನಿ ಎಂದು ಬೋರ್ಡು ಬೇರೆ ಬರೆಸಿದರು. ಆ ಬೋರ್ಡು ನೋಡಿಕೊಂಡು ನನಗೆ ಅನ್ನ ಇಳಿಯುತ್ತಿರಲಿಲ್ಲ.

ಹೊರಗಿನ ದೊಡ್ಡ ಕಂಪನಿಯೊಂದು ಅಂಥದ್ದೇ ಕೊಂಡಿಯನ್ನು ಆಕಾರ ಬದಲಿಸಿ ಮಾರತೊಡಗಿತು. ಅದರ ಮೇಲೆ ಎದುರು ಶೆಡ್ಡಿನವರು ಕೇಸು ಹಾಕಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ತೀರ್ಪು ಕೊಡುತ್ತಾರೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಪೇಟೆಂಟಿನಲ್ಲಿ 'ಇದು ನನ್ನದು' ಎಂದು ಬರೆದುಕೊಂಡ ಒಂದೊಂದು ಮಾತನ್ನೂ ಬಿಡಿಸಿ, ಅದು ಎದುರಾಳಿಯ ಮಾಲಿನಲ್ಲಿ ಇದೆಯೇ ಎಂದು ಹುಡುಕುತ್ತಾರಂತೆ. ಎಲ್ಲ ಸಿಕ್ಕರೆ ಪೇಟೆಂಟಿನ ಉಲ್ಲಂಘನೆ. ಆದರೆ ಅದೇ ವಸ್ತು ಮೊದಲೇ ಊರಲ್ಲಿ ಬಳಕೆಯಲ್ಲಿತ್ತು ಎಂದಾದರೆ ಪೇಟೆಂಟೇ ಬಿದ್ದುಹೋಗುತ್ತದೆ. ಬಿದ್ದರೆ ಅವರ ಶೆಡ್ಡಿಗೆ ಬೀಗ.

ಆ ದೊಡ್ಡ ಕಂಪನಿಯ ವಕೀಲರು ನನ್ನನ್ನು ಹುಡುಕಿಕೊಂಡು ಬಂದರು.

"ಈ ಕೊಂಡಿ ಮೊದಲು ಮಾಡ್ದವರು ನೀವಂತಲ್ರಿ?"

"ಮತ್ಯಾರು? ಇಡೀ ಸಂಡೂರು ಕೇಳ್ರಿ!" ಎಂದೆ. ಎದೆಯುಬ್ಬಿಸಿಯೇ ಸಾಕ್ಷಿಗೆ ಒಪ್ಪಿದೆ. ಆ ಬೋರ್ಡು ಇಳಿಯುವುದನ್ನು ಕಣ್ಣಾರೆ ನೋಡಬೇಕಿತ್ತು.

ಕೋರ್ಟಿನಲ್ಲಿ ಎದುರು ಶೆಡ್ಡಿನವರ ಕಡೆಯ ವಕೀಲರು ಮೆಲ್ಲಗೆ ಕೇಳಿದರು: "ಹಂಗಾದ್ರ ಮೇಸ್ತ್ರಿ, ನಿಮ್ಮ ಕೊಂಡಿನೂ ಇವರ ಕೊಂಡಿ ಹಂಗ ಇತ್ತು ಅನ್ರಿ?"

ಇವರದರ ಹಾಗೆ? ನನ್ನದು? ಮೈಯೆಲ್ಲ ಉರಿಯಿತು.

"ಏನ್ ಮಾತಾಡ್ತೀರಿ ಸಾಹೇಬ್ರ! ನಂದು ರಟ್ಟಿ ಇದ್ದೋರ ಕೊಂಡಿ, ಕೈ ಹಾಕಿ ಎಳದ್ರ ಮಾತ್ರ ಬಿಚ್ಚತೈತಿ. ಇವರದು ತಾನ ಬಿಚ್ಚಿ ತಾನ ಹಾಕ್ಕೊಳ್ಳೋ ಸೋಮಾರಿ ಕೊಂಡಿ. ಅದಕ್ಕೂ ಇದಕ್ಕೂ ಏನ್ ಸಂಬಂಧ?"

ನ್ಯಾಯಾಧೀಶರು ಅದನ್ನು ಹಾಗೆಯೇ ಬರೆಸಿಕೊಂಡರು. ನನ್ನನ್ನು ಕರೆತಂದ ವಕೀಲರು ಹಣೆ ಹಿಡಿದುಕೊಂಡರು. ಮುಂದೆ ತೀರ್ಪು ಬಂದಾಗ, ಮೊದಲೇ ಇದ್ದ ನನ್ನದು ಬೇರೆ ಕೊಂಡಿ ಎಂದಾಗಿ ಪೇಟೆಂಟ್ ಉಳಿಯಿತು. ಆಕಾರ ಬದಲಾಗಿದ್ದರೂ ಬರೆದುಕೊಂಡ ಮಾತುಗಳೆಲ್ಲ ದೊಡ್ಡ ಕಂಪನಿಯ ಮಾಲಿನಲ್ಲಿ ಸಿಕ್ಕವು. ಗೆದ್ದವರು ಅವರು.

ಅವತ್ತು ಸಂಜೆ ರಸ್ತೆ ದಾಟಿ ಬಂದು ನನ್ನ ಸ್ಟೂಲಿನ ಮೇಲೆ ಕುಳಿತರು. "ಆ ಪ್ರಶ್ನೆ ಕೇಳ್ರಿ ಅಂತ ವಕೀಲ್ರಿಗೆ ಹೇಳಿದ್ದು ನಾನ ರೀ ಮೇಸ್ತ್ರಿ. ನಿಮ್ಮ ಕೆಲಸ ನಂದರ ಹಂಗೈತಿ ಅಂದ್ರ ನೀವು ಸುಮ್ನಿರಂಗಿಲ್ಲಂತ ಗೊತ್ತಿತ್ತು."

ನನ್ನ ಬಾಯಿಂದಲೇ ಗೆದ್ದರಲ್ಲ... ಅದೂ ಒಂದು ಉರಿ.

ಅವರು ತೀರಿಕೊಂಡು ವರ್ಷಗಳಾದವು. ಎದುರಿಗೆ ಈಗ ಟೈಲ್ಸ್ ಅಂಗಡಿ. ಒಳ್ಳೆಯ ಗೇಟೊಂದು ಮುಗಿದ ದಿನ ಅದನ್ನು ಹೊರಗೆ, ರಸ್ತೆಗೆ ಮುಖ ಮಾಡಿ ನಿಲ್ಲಿಸುತ್ತೇನೆ. ಆಚೆಯಿಂದ ನೋಡಿ ಹೊಟ್ಟೆ ಉರಿದುಕೊಳ್ಳುವವರು ಯಾರೂ ಇಲ್ಲ.