ಹತ್ತನೆಯ ಗೆರೆ

ಕರೋನಾದ ಮೊದಲ ವರ್ಷ. ಅಮೆರಿಕದ ಪೊವೇಯ ಮನೆಯಲ್ಲಿ ನಾನೊಬ್ಬಳೇ. ಫೆಬ್ರವರಿಯಲ್ಲಿ ವೀಸಾ ಸ್ಟಾಂಪಿಂಗ್‌ಗೆಂದು ಊರಿಗೆ ಹೋದ ಗಂಡ, ಪಾಸ್‌ಪೋರ್ಟ್ ಕೊಟ್ಟಿದ್ದ ಕಾನ್ಸುಲೇಟ್ ಮುಚ್ಚಿದ್ದರಿಂದ ಅಲ್ಲೇ ಉಳಿದಿದ್ದರು. ನನಗೆ ನಲವತ್ತೊಂದು, ಚೊಚ್ಚಲು. ಡಾಕ್ಟರು ಕೊಟ್ಟ ದಿನ ಕಳೆದು ವಾರವಾಗಿದ್ದರೂ ನೋವಿನ ಸುಳಿವಿರಲಿಲ್ಲ.

ಈ ವಯಸ್ಸಿಗೆ ಇನ್ನು ಕಾಯುವುದು ಬೇಡ, ಔಷಧಿ ಕೊಟ್ಟು ನೋವು ಬರಿಸೋಣ ಎಂದು ಡಾಕ್ಟರು ಬುಧವಾರ ಹೇಳಿದರು. ನಾನು ಭಾನುವಾರದ ತನಕ ಸಮಯ ಕೇಳಿದೆ. ಅಷ್ಟರಲ್ಲಿ ಪಾಸ್‌ಪೋರ್ಟ್ ಸಿಕ್ಕಿ ಗಂಡ ಬಂದಿಳಿಯಬಹುದಿತ್ತು. ಹೆರಿಗೆ ಕೋಣೆಗೆ ಜೊತೆಗೆ ಒಬ್ಬರನ್ನಷ್ಟೇ ಬಿಡುತ್ತಿದ್ದರು. ಒಮ್ಮೆ ಬರೆಸಿದ ಹೆಸರು ಬದಲಿಸುವಂತಿರಲಿಲ್ಲ. ಡಾಕ್ಟರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಆದರೆ ದಿನಾ ಎರಡು ಹೊತ್ತು ಮಗುವಿನ ಒದೆತ ಎಣಿಸಬೇಕು, ಎರಡು ಗಂಟೆಯಲ್ಲಿ ಹತ್ತು ಆಗದಿದ್ದರೆ ಕೂಡಲೇ ಬರಬೇಕು ಎಂದರು.

ಪಕ್ಕದ ಮನೆಯ ಮಂಗಳೂರಿನ ಆಂಟಿ ದಿನಾ ಮೆಟ್ಟಿಲ ಮೇಲೆ ಗಂಜಿಯ ಡಬ್ಬಿ ಇಟ್ಟು, ದೂರ ಸರಿದು ಮಾತಾಡುತ್ತಿದ್ದರು.

"ಎಂತ ಮಾಡ್ತಾ ಉಂಟು ಅದು ಒಳಗೆ? ಬಾಡಿಗೆ ಇಲ್ಲದ ಮನೆ ಅಲ್ವಾ, ಬಿಡ್ಲಿಕ್ಕೆ ಮನಸ್ಸಿಲ್ಲ."

"ಅಪ್ಪ ಬರ್ಲಿ ಅಂತ ಕಾಯ್ತಿದೆ ಆಂಟಿ."

"ಅದು ಕಾಯುದಲ್ಲ, ನೀನು ಕಾಯುದು. ನನ್ನ ಹೆಸರು ಬರೆಸು ಮಾರಾಯ್ತಿ."

ನೋಡೋಣ ಎಂದು ಬಾಗಿಲು ಹಾಕಿಕೊಂಡೆ.

ಶುಕ್ರವಾರ ತಿಂಡಿ ತಿಂದು, ಎಡಮಗ್ಗುಲಾಗಿ ಮಲಗಿ, ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದೊಂದೇ ಗೆರೆ ಎಳೆದೆ. ಒಂಬತ್ತಾದ ಮೇಲೆ ನಿಂತಿತು. ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಬಿಟ್ಟರೆ ಮನೆಯಲ್ಲಿ ಸದ್ದಿಲ್ಲ. ತಣ್ಣೀರು ಕುಡಿದೆ, ಹೊಟ್ಟೆ ಸವರಿದೆ. ಎರಡು ಗಂಟೆ ಮುಗಿಯುವ ಹೊತ್ತಿಗೆ ಏನೋ ಮಿಸುಕಿದಂತಾಯಿತು. ಮಗುವೋ, ವಾಯುವೋ. ಹತ್ತನೆಯ ಗೆರೆ ಎಳೆದುಬಿಟ್ಟೆ.

ಎದ್ದು ಪಾತ್ರೆ ತೊಳೆಯತೊಡಗಿದೆ. ಅರ್ಧ ತೊಳೆದವಳು ನಲ್ಲಿ ನಿಲ್ಲಿಸಿ ಬಂದು ಆ ಗೆರೆಯನ್ನು ನೋಡಿದೆ. ಹಾಲು, ಸೊಪ್ಪು, ಮಾತ್ರೆ ಎಂದು ದಿನದ್ದೆಲ್ಲ ಬರೆದಿಡುವವಳು ನಾನು. ಆಗದ್ದನ್ನು ಆಯಿತೆಂದು ಯಾವತ್ತೂ ಬರೆದವಳಲ್ಲ. ಆ ಗೆರೆ ಮಗುವಿನದಾಗಿರಲಿಲ್ಲ. ಭಾನುವಾರದ ಆಸೆಗೆ ನಾನೇ ಎಳೆದದ್ದು.

ಆಸ್ಪತ್ರೆಗೆ ಫೋನ್ ಮಾಡಿದೆ. ಈಗಲೇ ಬನ್ನಿ, ಇವತ್ತೇ ಶುರು ಮಾಡೋಣ ಎಂದರು. ಆಮೇಲೆ ಗಂಡನಿಗೆ ಮಾಡಿದೆ.

"ಇವತ್ತೇ ಹೋಗ್ತಿದ್ದೀನಿ."

"ಕಾರು ಯಾರು ಡ್ರೈವ್ ಮಾಡ್ತಾರೆ?"

"ಆಂಟಿ."

"ಹಾಗಾದ್ರೆ ಅವರ ಹೆಸರೇ ಬರೆಸು. ಒಬ್ಬಳೇ ಇರ್ಬೇಡ."

ಮರುದಿನ ಮಧ್ಯಾಹ್ನ ಮಗಳು ಹುಟ್ಟಿದಳು. ಸಣ್ಣಗೆ ಅತ್ತಳು, ಆಮೇಲೆ ಜೋರಾಗಿ. ಊರಲ್ಲಿದ್ದ ನನ್ನ ಗಂಡನಿಗೆ ತೋರಿಸಲು ಆಂಟಿ ಒಂದು ಕೈಯಲ್ಲಿ ಫೋನ್ ಹಿಡಿದಿದ್ದರು. ಆಂಟಿಯ ಕಣ್ಣು ಮಗುವಿನ ಮೇಲಿತ್ತು, ಫೋನ್ ಎತ್ತಲೋ ತಿರುಗಿತ್ತು; ಗಂಡನಿಗೆ ಕಂಡದ್ದು ಬರೀ ಗೋಡೆಯಂತೆ.

ಪಾಸ್‌ಪೋರ್ಟ್ ಸಿಗಲು ಇನ್ನೊಂದು ವಾರ ಹಿಡಿಯಿತು. ಕೊನೆಗೂ ಬಂದ ಗಂಡ ಹೊಸ್ತಿಲಾಚೆ ಪೆಟ್ಟಿಗೆ ಇಟ್ಟು, ನನ್ನ ತೋಳಿನಲ್ಲಿದ್ದ ಮಗುವನ್ನು ದೂರದಿಂದಲೇ ನೋಡಿದರು. ಆಮೇಲೆ ತಮ್ಮದೇ ಮನೆಯಲ್ಲಿ, ಕೈ ಎಲ್ಲಿ ತೊಳೆಯಲಿ ಎಂದು, ಬಾಣಂತನಕ್ಕೆ ನಮ್ಮಲ್ಲೇ ಉಳಿದಿದ್ದ ಆಂಟಿಯನ್ನು ಕೇಳಿದರು.