ಓ ಅನ್ನದಿದ್ದರೆ ಎಳೆಯುವವರು

ದೊಡ್ಡಪ್ಪನ ಬಲಗೈಯ ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿ ಮುರಿಯುವಾಗಲೂ ಕಾಣದ ಹಗ್ಗವೊಂದನ್ನು ಹಿಡಿದಂತೆಯೇ ಇರುತ್ತಿದ್ದವು. ಹೊಲದ ಕೆಲಸದ ನಡುವೆ ಸುತ್ತಲ ಊರುಗಳ ಬಾವಿಗಳ ಹೂಳೆತ್ತಿಸಿದ ಕೈ ಅದು.

ಹಾಳು ಬಾವಿಗೆ ಅವರು ಮೊದಲು ಇಳಿಸುತ್ತಿದ್ದುದು ಉರಿಯುವ ಲಾಟೀನನ್ನು. ಅದು ಆರಿದರೆ ಕೆಳಗೆ ಕೆಟ್ಟ ಗಾಳಿ. ಆ ದಿನ ಯಾರೂ ಇಳಿಯುವಂತಿಲ್ಲ. ಆರದಿದ್ದರೆ ಇಳಿಯುವವನ ಸೊಂಟಕ್ಕೆ ಹಗ್ಗ. ಮೇಲಿಂದ ದೊಡ್ಡಪ್ಪ "ಓ" ಎಂದರೆ ಕೆಳಗಿನವನೂ "ಓ" ಎನ್ನಬೇಕು. ಒಂದು ಓ ತಪ್ಪಿದರೂ ಎಳೆದುಬಿಡುತ್ತಿದ್ದರು. "ಬಾಯಲ್ಲಿ ಎಲೆ ಅಡಿಕೆ ಇತ್ತು ಕಣಣ್ಣೋ!" ಎಂದು ಗೊಣಗುತ್ತ ಮೇಲೆ ಬಂದವರೂ ಇದ್ದರು.

ನಾನಾಗ ಬಿ.ಎಸ್ಸಿ. ಮುಗಿಸಿದ್ದೆ. ಮಂಗಳ ಗ್ರಹಕ್ಕೆ ಮನುಷ್ಯರನ್ನು ಕಳಿಸುವ ಮಾತು ಪೇಪರಿನಲ್ಲಿ ಬಂದಾಗಲೆಲ್ಲ ಅವರಿಗೆ ಓದಿ ಹೇಳುತ್ತಿದ್ದೆ.

"ಅಲ್ಲಿ ಗಾಳಿ ಐತೇನ್ಲಾ?"

"ಒಸಿ ಐತೆ ದೊಡ್ಡಪ್ಪ. ಹಾಳು ಬಾವಿ ತಳದಲ್ಲಿ ಕೂತಿರ್ತದಲ್ಲ, ಅದೇ ಗಾಳಿ. ದೀಪ ಉರಿಯಲ್ಲ."

"ಲಾಟೀನು ಆರ್ತದೆ ಅಂತ ಗೊತ್ತಿದ್ದೂ ಇಳೀತಾರಾ? ಅಲ್ಲಿಂದ ಓ ಅಂದ್ರೆ?"

"ಇಲ್ಲಿಗೆ ಬರೋಕೆ ಒಂದೊಂದ್ಸಲ ಕಾಲು ಗಂಟೆ ಮೇಲಾಯ್ತದೆ."

"ಅಷ್ಟೊತ್ತಿಗೆ ತಿಥಿ ಊಟಕ್ಕೆ ಎಲೆ ಹಾಕಿರ್ತಾರೆ! ಹೋಗೋರು ಸಿಕ್ತಾರೆ ಕಣ್ಲಾ. ಮೊದ್ಲು ಹಗ್ಗ ಹಿಡಿಯೋನ್ನ ಹುಡುಕ್ಲಿ" ಎಂದು ಕೆಮ್ಮು ಬರುವಷ್ಟು ನಕ್ಕಿದ್ದರು.

ಪಕ್ಕದ ಹೊಲಗಳಲ್ಲಿ ಕಾರ್ಖಾನೆಯ ಕಾಂಪೌಂಡು ಏಳುತ್ತಿದ್ದ ವರ್ಷ ನಮ್ಮ ಬೋರ್‌ವೆಲ್ ಬತ್ತಿತು. ಬಹಳ ಕಾಲದಿಂದ ಮುಚ್ಚಿದ್ದ ಹಳೆ ಬಾವಿಯನ್ನು ತೆರೆದೆವು. ದೊಡ್ಡಪ್ಪ ಲಾಟೀನಿಗೆ ಸೀಮೆಎಣ್ಣೆ ತರಲು ಮನೆಗೆ ಹೋದರು. ನನ್ನ ಬಳಿ ಹೊಸ ಟಾರ್ಚಿತ್ತು. ಬಿಟ್ಟು ನೋಡಿದರೆ ತಳದ ಕಲ್ಲೂ ಕಂಡಿತು. ಅವರ ಬೈಗುಳಕ್ಕೆ ಹೆದರಿ ಸೊಂಟಕ್ಕೆ ಹಗ್ಗವನ್ನೇನೋ ಕಟ್ಟಿಕೊಂಡು, ತುದಿಯನ್ನು ಅವರ ಮಗನ ಕೈಗೆ ಕೊಟ್ಟು ಇಳಿದೆ. ಟಾರ್ಚು ಕೆಟ್ಟ ಗಾಳಿಯಲ್ಲೂ ಉರಿಯುತ್ತದೆಂಬುದು ಓದಿದ ತಲೆಗೆ ಹೊಳೆಯಲೇ ಇಲ್ಲ.

ಮೂವತ್ತು ಅಡಿ ಇಳಿದಿರಬಹುದು. ಕಾಲು ನನ್ನದಲ್ಲವೆನಿಸಿತು. ಕೈಯಿಂದ ಜಾರಿದ ಟಾರ್ಚು ತಳದಲ್ಲಿ ಉರಿಯುತ್ತಲೇ ಇತ್ತು. ಅಷ್ಟರಲ್ಲಿ ಮೇಲಿಂದ ದೊಡ್ಡಪ್ಪನ "ಓ" ಕೇಳಿಸಿತು. ನನ್ನ ಬಾಯಿ ಏಳಲಿಲ್ಲ.

ನನ್ನನ್ನು ಎತ್ತಲು ಇಳಿಯಹೊರಟ ಮಗನನ್ನು ಅವರು ಕೊರಳಪಟ್ಟಿ ಹಿಡಿದು ತಡೆದರಂತೆ. "ಇಳಿದ್ರೆ ಎರಡು ಹೆಣ ಕಣ್ಲಾ. ಎಳಿ!"

ಕಣ್ಣು ಬಿಟ್ಟಾಗ ಹೊಂಗೆ ಮರದ ನೆರಳಿನಲ್ಲಿದ್ದೆ. ಅವರ ಅಂಗೈ ಸುಲಿದಿತ್ತು. "ಏನ್ಲಾ, ಮಂಗಳಕ್ಕೆ ಹೋಗ್ಬುಟ್ಟು ಬಂದ್ಯಾ?" ಎಂದರು. ಆಮೇಲೆ ಊರಿಗೆಲ್ಲ ಅದನ್ನೇ ಹೇಳಿ ನಗಿಸಿದರು.

ಈಗಲೂ ಬಚ್ಚಲ ಬಾಗಿಲು ಹಾಕಿದರೆ ಆ ಟಾರ್ಚಿನ ಬೆಳಕು ಕಣ್ಣಿಗೆ ಬಂದು ಎದೆ ಬಿಗಿಯುತ್ತದೆ. ಇದನ್ನು ತಿಳಿದ ದೊಡ್ಡಪ್ಪ ದಿನವೂ ಬಚ್ಚಲ ಹೊರಗೆ ನಿಂತು "ಓ" ಎನ್ನುತ್ತಿದ್ದರು. ನಾನು "ಓ" ಎಂದಮೇಲೆಯೇ ಹೊಲಕ್ಕೆ ಹೊರಡುತ್ತಿದ್ದುದು.

ಅವರು ಹಾಸಿಗೆ ಹಿಡಿದ ಮೇಲೆ ಕರೆಯುವ ಸರದಿ ನನ್ನದಾಯಿತು. ಎದ್ದೊಡನೆ ಜಗುಲಿಯಿಂದ "ಓ" ಎನ್ನುತ್ತಿದ್ದೆ. ಒಳಗಿಂದ "ಇನ್ನೂ ಇವ್ನಿ ಕಣ್ಲಾ, ಎಳೀಬೇಡ" ಎಂಬ ನಗು ಬರುತ್ತಿತ್ತು.

ಒಂದು ಬೆಳಿಗ್ಗೆ ಬರಲಿಲ್ಲ. ಓಡಿಹೋಗಿ ಕೈ ಹಿಡಿದೆ. ಬೆರಳುಗಳು ಮಡಿಚಿಕೊಂಡೇ ಇದ್ದವು. ಎಳೆಯುವುದಕ್ಕೆ ಹಗ್ಗವಿರಲಿಲ್ಲ.