ಅಳದ ಮಗು

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ಇಷ್ಟು ವರ್ಷ ದುಡಿದ ಮೇಲೆ ಅಳದ ಮಗುವನ್ನು ನಾನು ನಂಬುವುದಿಲ್ಲ. ನಾನು ಸಾಗರದ ಆಸ್ಪತ್ರೆಯಲ್ಲಿದ್ದಾಗ ನ್ಯುಮೋನಿಯಾ ಆಗಿ ಬಂದಿದ್ದ ಮೂರು ವರ್ಷದ ಮಗುವನ್ನು ಅಜ್ಜಿಯ ಬಳಿ ಬಿಟ್ಟು, ತಾಯಿ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಹಿನ್ನೀರಿನಾಚೆಯ ಮನೆಗೆ, ಹಸುಗೂಸಿನ ಹತ್ತಿರ ಹೋಗಿದ್ದಳು. ಮೊದಲ ದಿನ ಮಗು ಅತ್ತು ರಂಪ ಮಾಡಿತು. ಆಮೇಲೆ ತೆಪ್ಪಗಾಯಿತು. ಸೂಜಿ ಚುಚ್ಚಿದರೂ ಸದ್ದಿಲ್ಲ. ನನಗೆ ಅನುಮಾನ ಶುರುವಾಯಿತು.

“ಹೊಂದ್ಕೊಂಡ್ಬಿಡ್ತು ನೋಡಿ ಸಿಸ್ಟರೇ, ಪಾಪದ್ದು,” ಎಂದರು ಅಜ್ಜಿ, ಹೆಮ್ಮೆಯಿಂದ.

“ಅತ್ತಿದ್ರೇ ಚೆನ್ನಾಗಿತ್ತು ಅಜ್ಜಿ,” ಎಂದೆ. ಅವರು ನನ್ನನ್ನೇ ಅನುಮಾನದಿಂದ ನೋಡಿದರು.

ವಾರ ಕಳೆದು ತಾಯಿ ಬಂದಳು. ಮಂಚದ ಪಕ್ಕ ಬಗ್ಗಿ, ಎತ್ತಿಕೊಳ್ಳಲು ಕೈ ಚಾಚಿದಳು. ಮಗು ಅವಳ ಮುಖ ನೋಡಲಿಲ್ಲ. ಅಂಗಿಯ ತೋಳನ್ನು ಮೇಲೆ ಸರಿಸಿ, ಸೂಜಿಗೆಂದು ಕೈ ಒಡ್ಡಿತು.